ಡ್ಯಾಂಪರ್ ಮುಚ್ಚಿದ್ದು ನಾನೇ: ಹಸಿರು ಕಟ್ಟಡಗಳಿಗೆ ಪ್ರಮಾಣಪತ್ರ ಕೊಡುವವರಿಗೆ ಒಂದು ಬಹಿರಂಗ ಪತ್ರ

ಹಸಿರು ಕಟ್ಟಡ ಎಂದು ಪ್ರಮಾಣಪತ್ರ ಕೊಡುವ ಸಂಸ್ಥೆಗಳ ಹಿರಿಯರಿಗೆ, ಅದನ್ನು ಲಾಬಿಯ ಗೋಡೆಗೆ ಹಾಕಿಸುವ ಮಾಲೀಕರಿಗೆ, ಆ ಗೋಡೆ ದಾಟಿ ದಿನಾ ಒಳಗೆ ಹೋಗಿ ಕೂರುವ ಎಲ್ಲರಿಗೂ ನಮಸ್ಕಾರ.

ನಾನು ಎಸಿ ಕೆಲಸದವನು. ತುಮಕೂರಿನಲ್ಲಿ ಐಟಿಐ ಮುಗಿಸಿ, ಫ್ರಿಜ್ ರಿಪೇರಿಯಿಂದ ಶುರು ಮಾಡಿದೆ. ಆಮೇಲೆ ಬೆಂಗಳೂರಿನ ಆಫೀಸು ಕಟ್ಟಡಗಳ ಚಿಲ್ಲರ್ (ಎಸಿಗೆ ನೀರು ತಣ್ಣಗೆ ಮಾಡುವ ಯಂತ್ರ), ಎಎಚ್‌ಯು (ಗಾಳಿಯನ್ನು ತಣ್ಣಗೆ ಮಾಡಿ ಮಹಡಿಗೆ ಊದುವ ಯಂತ್ರ) ನೋಡಿಕೊಳ್ಳುತ್ತಾ ಇಪ್ಪತ್ತು ವರ್ಷ ಕಳೆಯಿತು. ಈಗ ಶಿಫ್ಟ್ ಕೆಲಸ ಬಿಟ್ಟು ಡಕ್ಟುಗಳಲ್ಲಿ, ಅಂದರೆ ಗಾಳಿ ಓಡಾಡುವ ದೊಡ್ಡ ಕೊಳವೆಗಳಲ್ಲಿ, ಗಾಳಿ ಎಷ್ಟು ಹರಿಯುತ್ತಿದೆ ಎಂದು ಅಳೆಯುವ ಕೆಲಸ ಮಾಡುತ್ತೇನೆ. ದೂರು ಹೇಳುವ ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ.

2023ರ ಜನವರಿಯ ಒಂದು ರಾತ್ರಿ. ಔಟರ್ ರಿಂಗ್ ರೋಡ್ ಕಡೆಯ ಒಂದು ಕಟ್ಟಡ, ಹೆಸರು ಬೇಡ. ಪಕ್ಕದ ಖಾಲಿ ಸೈಟಿನಲ್ಲಿ ಯಾರೋ ಕಸಕ್ಕೆ ಬೆಂಕಿ ಹಚ್ಚಿದ್ದರು. ನಾಲ್ಕನೇ ಮಹಡಿಯ ನೈಟ್ ಶಿಫ್ಟಿನವರು ಫೋನ್ ಮಾಡಿ, ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತಿದೆ ಎಂದರು. ನಾನು ಎಎಚ್‌ಯು ರೂಮಿಗೆ ಹೋಗಿ, ಹೊರಗಿನ ಗಾಳಿ ಒಳಗೆ ಬರುವ ದಾರಿಯ ಮುಚ್ಚಳವನ್ನು, ಅಂದರೆ ಫ್ರೆಶ್ ಏರ್ ಡ್ಯಾಂಪರನ್ನು, ಕೈಯಿಂದಲೇ ತಿರುಗಿಸಿ ಮುಚ್ಚಿದೆ. ಅದನ್ನು ತಿರುಗಿಸುವ ಮೋಟರಿನ (ಆಕ್ಚುಯೇಟರ್) ಸ್ಕ್ರೂ ಸಡಿಲ ಮಾಡಿ, ಡ್ಯಾಂಪರ್ ಅಲುಗದಂತೆ ಕಡ್ಡಿಯನ್ನು ಸ್ಕ್ರೂ ಹಾಕಿ ಬಿಗಿದೆ. ವಾಸನೆ ಹೋಯಿತು. ಬೆಳಗ್ಗೆ ಶಿಫ್ಟ್ ಮುಗಿಸಿ, ದರ್ಶಿನಿಯಲ್ಲಿ ಇಡ್ಲಿ ತಿಂದು ಮನೆಗೆ ಹೋಗಿ ಮಲಗಿದೆ. ಲಾಗ್‌ಬುಕ್ಕಿನಲ್ಲಿ ಬರೆಯುವುದು ಮರೆತುಹೋಯಿತು.

ಆ ಡ್ಯಾಂಪರ್ ಮತ್ತೆ ತೆರೆದದ್ದು ಆಗಸ್ಟ್ ತಿಂಗಳಲ್ಲಿ.

ಏಳು ತಿಂಗಳು ಆ ಮಹಡಿಯ ಜನ ಒಬ್ಬರ ಉಸಿರನ್ನು ಒಬ್ಬರು ಹಂಚಿಕೊಂಡು ಕೆಲಸ ಮಾಡಿದರು. ಬಾಗಿಲ ಸಂದಿಯಲ್ಲಿ ನುಸುಳಿದ ಗಾಳಿ ಎಷ್ಟೋ ಅಷ್ಟೇ. ಕೆಳಗೆ ಲಾಬಿಯಲ್ಲಿ ಮಾತ್ರ ಎಲೆಯ ಚಿತ್ರವಿರುವ ಗಾಜಿನ ಫಲಕ ಥಳಥಳ ಹೊಳೆಯುತ್ತಿತ್ತು. ಅದರ ಪಕ್ಕದ ಟಿವಿಯಲ್ಲಿ ಈವತ್ತು ಸೋಲಾರ್‌ನಿಂದ ಇಷ್ಟು ಯೂನಿಟ್, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿಯಿಂದ ಇಷ್ಟು ಸಾವಿರ ಲೀಟರ್ ನೀರು ಉಳಿತಾಯ ಎಂದು ಓಡುತ್ತಿತ್ತು. ಹೊರಗೆ ಥಳುಕು, ಒಳಗೆ ಹುಳುಕು ಎನ್ನುತ್ತಾರಲ್ಲ, ಹಾಗೆ. ಆ ಹುಳುಕು ಮಾಡಿದ್ದು ನಾನೇ.

ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ನಮ್ಮ ತಂಡದವರು ಹಿಡಿದದ್ದಲ್ಲ. ಆಡಿಟ್‌ನಲ್ಲೂ ಅಲ್ಲ. ಆ ಮಹಡಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ ಕೋವಿಡ್ ಆದ ಮೇಲೆ ಆನ್‌ಲೈನಿನಲ್ಲಿ ಅಂಗೈ ಅಗಲದ ಒಂದು ಕಾರ್ಬನ್ ಡೈಆಕ್ಸೈಡ್ ಮೀಟರ್ ತರಿಸಿಕೊಂಡಿದ್ದಳು. ಮಧ್ಯಾಹ್ನ ಮೂರೂವರೆಗೆ ಟ್ರೇನಿಂಗ್ ರೂಮಿನಲ್ಲಿ ಅದು 1,850 ಪಿಪಿಎಂ ತೋರಿಸಿತು, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 1,850 ಪಾಲು ಈ ಅನಿಲ. ಅವಳು ಅದನ್ನು ಹಿಡಿದುಕೊಂಡು ನೇರ ಬಿಎಂಎಸ್ ರೂಮಿಗೇ, ಅಂದರೆ ಕಟ್ಟಡದ ಯಂತ್ರಗಳನ್ನೆಲ್ಲ ಕಂಪ್ಯೂಟರಿನಲ್ಲಿ ನೋಡಿಕೊಳ್ಳುವ ರೂಮಿಗೇ, ಬಂದಳು. ‘ಅಣ್ಣ, ಇದು ಸರೀನಾ ನೋಡಿ’ ಎಂದಳು. ನಾನು ಕಂಪ್ಯೂಟರ್ ನೋಡಿದೆ. ನಮ್ಮ ಪರದೆಯಲ್ಲಿ ಆ ಮಹಡಿಗೆ 810 ಎಂದಿತ್ತು. ಹಸಿರು ಬಣ್ಣದಲ್ಲಿ. ‘ನಿಮ್ಮ ಮೀಟರ್ ಅಗ್ಗದ್ದಮ್ಮ, ತಪ್ಪು ತೋರಿಸುತ್ತೆ’ ಎಂದು ಹೇಳಿ ಕಳಿಸಿದೆ.

ಸಂಜೆ ಮನಸ್ಸು ತಡೆಯಲಿಲ್ಲ. ಟಾರ್ಚ್ ಹಿಡಿದು ಎಎಚ್‌ಯು ರೂಮಿಗೆ ಹೋದೆ. ಡ್ಯಾಂಪರ್ ಮುಚ್ಚಿತ್ತು. ನಾನು ಬಿಗಿದ ಸ್ಕ್ರೂ ಹಾಗೇ ಇತ್ತು. ಅವಳ ಅಗ್ಗದ ಮೀಟರ್ ಹೇಳಿದ್ದು ನಿಜ. ಸುಳ್ಳು ಹೇಳಿದ್ದು ನಮ್ಮ ದುಬಾರಿ ಬಿಎಂಎಸ್.

ಈ ಪತ್ರ ಬರೆಯಲು ಕಾರಣ ಆ 810. ಮನುಷ್ಯ ಮರೆಯುತ್ತಾನೆ, ಅದು ಇದ್ದದ್ದೇ. ಆದರೆ ಮರೆತದ್ದನ್ನು ಹಿಡಿಯಬೇಕಾದ ಯಂತ್ರವೇ ಎಲ್ಲ ಸರಿಯಿದೆ ಎಂದು ಏಳು ತಿಂಗಳು ಹೇಳುತ್ತಾ ಬಂದರೆ?

ಆ ಸುಳ್ಳು ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದಾಗ ನನಗೆ ಎರಡು ವಿಷಯ ಗೊತ್ತಾಯಿತು. ಮೊದಲನೆಯದು, ನಮ್ಮ ಸೆನ್ಸರ್ ಇದ್ದದ್ದು ರಿಟರ್ನ್ ಡಕ್ಟಿನಲ್ಲಿ. ಅಂದರೆ ಇಡೀ ಮಹಡಿಯಿಂದ ವಾಪಸ್ ಬರುವ ಗಾಳಿಯೆಲ್ಲ ಕಲಸಿಹೋಗುವ ಜಾಗದಲ್ಲಿ. ನಲವತ್ತು ಜನ ತುಂಬಿದ ಟ್ರೇನಿಂಗ್ ರೂಮಿನ ಗಾಳಿಯೂ ಅಲ್ಲಿಗೇ ಬರುತ್ತದೆ, ಯಾರೂ ಇಲ್ಲದ ಕ್ಯಾಬಿನ್ನಿನ ಗಾಳಿಯೂ ಅಲ್ಲಿಗೇ ಬರುತ್ತದೆ. ಸಾರಿನ ಪಾತ್ರೆಗೆ ಒಂದು ಕೊಡ ನೀರು ಸುರಿದು ಉಪ್ಪು ನೋಡಿದ ಹಾಗೆ. ಹಸಿರು ಕಟ್ಟಡಗಳಿಗೆ ಅಂಕ ಕೊಡುವ ಅಮೆರಿಕದ ಲೀಡ್ ಪದ್ಧತಿಯ 2009ರ ನಿಯಮದಲ್ಲೇ, ಜನ ಕಿಕ್ಕಿರಿದು ಕೂರುವ ಜಾಗದಲ್ಲಿ ಈ ಸೆನ್ಸರ್ ನೆಲದಿಂದ 3 ಅಡಿಗಿಂತ ಮೇಲೆ, 6 ಅಡಿಗಿಂತ ಕೆಳಗೆ ಇರಬೇಕು ಎಂದು ಬರೆದಿದೆ. ಮನುಷ್ಯನ ಮೂಗು ಇರುವುದು ಅಲ್ಲೇ ತಾನೇ? ಡಕ್ಟಿನಲ್ಲಿ ಹಾಕಿದರೆ ವೈರಿಂಗ್ ಸುಲಭ, ಸೆನ್ಸರ್ ಕಡಿಮೆ ಸಾಕು. ಅದಕ್ಕೇ ಹಾಕುತ್ತಾರೆ.

ಎರಡನೆಯದು ಇನ್ನೂ ಸೂಕ್ಷ್ಮ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಬೆಂಗಳೂರಿಗೆ ಇದು ಬಹಳ ಮುಖ್ಯ. ಈ ಸೆನ್ಸರುಗಳು ಇನ್‌ಫ್ರಾರೆಡ್ ಬೆಳಕು ಬಿಟ್ಟು, ಅದರಲ್ಲಿ ಎಷ್ಟನ್ನು ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡಿತು ಎಂದು ನೋಡಿ ಲೆಕ್ಕ ಹೇಳುತ್ತವೆ. ಕಾಲ ಕಳೆದಂತೆ ಬೆಳಕಿನ ಬಲ್ಬು ಹಳೆಯದಾಗುತ್ತದೆ, ಲೆಕ್ಕ ಜಾರುತ್ತದೆ. ಅದನ್ನು ಸರಿಪಡಿಸಲು ತಯಾರಕರು ಒಂದು ಉಪಾಯ ಮಾಡಿದ್ದಾರೆ. ಸೆನ್ಸರ್ ಒಂದು ವಾರ ಅಥವಾ ಅದಕ್ಕಿಂತ ತುಸು ಜಾಸ್ತಿ ದಿನ ತಾನು ಕಂಡ ಅತಿ ಕಡಿಮೆ ಅಂಕಿಯನ್ನು ನೆನಪಿಟ್ಟುಕೊಳ್ಳುತ್ತದೆ. ‘ರಾತ್ರಿ ಎಲ್ಲರೂ ಮನೆಗೆ ಹೋಗಿರುತ್ತಾರೆ, ಆಗ ಒಳಗಿನ ಗಾಳಿ ಹೊರಗಿನ ಗಾಳಿಯಂತೆಯೇ ಇರುತ್ತದೆ, ಆದ್ದರಿಂದ ಇದೇ 400’ ಎಂದು ತಾನೇ ಅಂದುಕೊಂಡು ಸೊನ್ನೆ ಗೆರೆ ಸರಿಸಿಕೊಳ್ಳುತ್ತದೆ.

ಸಂಜೆ ಆರಕ್ಕೆ ಬಾಗಿಲು ಹಾಕುವ ಆಫೀಸಿಗೆ ಇದು ಒಳ್ಳೆಯ ಉಪಾಯವೇ. ಆದರೆ ನಮ್ಮಲ್ಲಿ? ಇಲ್ಲಿ ಹಗಲು ಒಂದು ಶಿಫ್ಟ್, ಸಂಜೆ ಲಂಡನ್ನಿಗೆ ಒಂದು, ರಾತ್ರಿ ಅಮೆರಿಕಕ್ಕೆ ಇನ್ನೊಂದು. ಮಹಡಿ ಖಾಲಿಯಾಗುವುದೇ ಇಲ್ಲ. ನಮ್ಮ ಮಹಡಿಯಲ್ಲಿ ಬೆಳಗಿನ ಜಾವ ನಾಲ್ಕಕ್ಕೂ ಅಂಕಿ 900ರ ಕೆಳಗೆ ಇಳಿಯುತ್ತಿರಲಿಲ್ಲ. ಸೆನ್ಸರ್ ಪಾಪ, ಆ 900ನ್ನೇ 400 ಎಂದು ನಂಬಿತು. ಅಲ್ಲಿಂದ ಮುಂದೆ ಪ್ರತಿ ಅಂಕಿಯಲ್ಲೂ 500 ಕಳೆದು ತೋರಿಸಿತು. ಡಕ್ಟಿನಲ್ಲಿ ನಿಜವಾಗಿ 1,310 ಇದ್ದಾಗ ಪರದೆಯಲ್ಲಿ 810. ಗಾಳಿ ಕೆಟ್ಟಷ್ಟೂ ಸೆನ್ಸರ್ ಅದಕ್ಕೆ ಒಗ್ಗಿಕೊಳ್ಳುತ್ತದೆ, ನಮ್ಮ ಮೂಗಿನ ಹಾಗೇ. ಈ ತಾನೇತಾನಾಗಿ ಸರಿಪಡಿಸಿಕೊಳ್ಳುವ ಗುಣವನ್ನು ಬಹುತೇಕ ಸೆನ್ಸರುಗಳಲ್ಲಿ ಬಂದ್ ಮಾಡಬಹುದು. ಕೈಪಿಡಿಯಲ್ಲಿ ಬರೆದಿರುತ್ತದೆ. ಹಾಕುವವರು ಓದಿರಲಿಲ್ಲ, ನಾನೂ ಓದಿರಲಿಲ್ಲ. ಪ್ರಮಾಣಪತ್ರಕ್ಕೆ ಕಾಗದ ನೋಡಿದವರು ಸೆನ್ಸರ್ ಇದೆಯೇ ಎಂದು ಮಾತ್ರ ಕೇಳಿದ್ದರು. ಇದೆ. ಟಿಕ್ ಆಯಿತು.

ಇನ್ನು ಗಾಳಿಯ ವಿಷಯಕ್ಕೆ ಬರುತ್ತೇನೆ. ಓದುವವರಲ್ಲಿ ಎಷ್ಟೋ ಜನರಿಗೆ ಎಸಿ ಅಂದರೆ ಹೊರಗಿನ ಗಾಳಿಯನ್ನು ತಣ್ಣಗೆ ಮಾಡಿ ಒಳಗೆ ಬಿಡುವ ಯಂತ್ರ ಎಂಬ ನಂಬಿಕೆ ಇದೆ. ಹಾಗಲ್ಲ. ಒಳಗಿನ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ಒಳಗೇ ಊದುತ್ತದೆ. ಮನೆಯ ಮಾಮೂಲಿ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದೇ ಇಲ್ಲ. ಆಫೀಸಿನಲ್ಲಿ ಅದಕ್ಕೆಂದೇ ಬೇರೆ ದಾರಿ ಇರುತ್ತದೆ: ಗೋಡೆಯಲ್ಲಿ ಪಟ್ಟಿ ಪಟ್ಟಿಯ ಒಂದು ಕಿಂಡಿ (ಲೂವರ್), ಅದರ ಹಿಂದೆ ಡ್ಯಾಂಪರ್, ಅಥವಾ ಟೆರೇಸಿನ ಮೇಲೆ ಹೊರಗಾಳಿಯನ್ನು ಸೋಸಿ ಒಳಗೆ ಕಳಿಸುವ ಟಿಎಫ್‌ಎ ಎಂಬ ಪೆಟ್ಟಿಗೆ. ನಮ್ಮಜ್ಜಿಯ ಮನೆಯಲ್ಲಿ ಅಡುಗೆಮನೆಯ ಗೋಡೆಗೆ ಗವಾಕ್ಷಿ ಇತ್ತು. ಅದನ್ನು ಯಾರಾದರೂ ಮುಚ್ಚಿದರೆ ಹೊಗೆ ತುಂಬಿ ಮನೆಯವರಿಗೆಲ್ಲ ಕಣ್ಣುರಿ, ಆ ಕ್ಷಣವೇ ಬೈಗುಳ. ಆಫೀಸಿನ ಗವಾಕ್ಷಿ ಮುಚ್ಚಿದರೆ ಕಣ್ಣುರಿ ಬರುವುದಿಲ್ಲ. ಆಕಳಿಕೆ ಬರುತ್ತದೆ. ಆಕಳಿಕೆಗೆ ನಾವು ಊಟವನ್ನು ಬೈಯುತ್ತೇವೆ, ರಾತ್ರಿ ನೋಡಿದ ಮೊಬೈಲನ್ನು ಬೈಯುತ್ತೇವೆ.

ಎಷ್ಟು ಹೊರಗಾಳಿ ಬೇಕು? ಅಮೆರಿಕದ ಎಸಿ ಎಂಜಿನಿಯರುಗಳ ಸಂಘ ಆಶ್ರೇ ಮಾಡಿದ 62.1 ಎಂಬ ಮಾನದಂಡ ಜಗತ್ತಿನ ತುಂಬ ನಡೆಯುತ್ತದೆ. ಆಫೀಸಿಗೆ ಅದರ ಲೆಕ್ಕ ಹೀಗೆ: ಒಬ್ಬರಿಗೆ ನಿಮಿಷಕ್ಕೆ 5 ಘನ ಅಡಿ, ಜೊತೆಗೆ ಪ್ರತಿ ಚದರ ಅಡಿ ನೆಲಕ್ಕೆ 0.06 ಘನ ಅಡಿ. 1,000 ಚದರ ಅಡಿಯಲ್ಲಿ ಐದು ಜನ ಕೂತರೆ ತಲಾ 17 ಘನ ಅಡಿ ಆಗುತ್ತದೆ. ಅಷ್ಟು ಬಂದರೆ ಗಾಳಿ ಚೆನ್ನಾಗಿರುತ್ತದೆ. ಅದೇ ಜಾಗದಲ್ಲಿ ಹತ್ತು ಜನರನ್ನು ಕೂರಿಸಿದರೆ ತಲಾ ಸಿಗುವುದು 11. ನಮ್ಮ ಆಫೀಸುಗಳಲ್ಲಿ ಕುರ್ಚಿಗಳನ್ನು ಹೇಗೆ ಜೋಡಿಸುತ್ತಾರೆ ಎಂದು ನಿಮಗೇ ಗೊತ್ತು. ಮಾನದಂಡ ಪಾಲಿಸಿದೆವು ಎಂದು ಹೇಳಿದಾಗಲೂ ಅದು ಕನಿಷ್ಠ ಮಟ್ಟ ಮಾತ್ರ ಎಂಬುದು ನೆನಪಿರಲಿ.

ಈ ಲೆಕ್ಕಕ್ಕೆ ಒಂದು ಹಳೆಯ ಕಥೆ ಇದೆ. 1973ರಲ್ಲಿ ತೈಲದ ಬೆಲೆ ಏರಿದಾಗ ಪಶ್ಚಿಮದ ದೇಶಗಳು ಕರೆಂಟು ಉಳಿಸಲು ಕಟ್ಟಡಗಳನ್ನು ಬಿಗಿಯಾಗಿ ಮುಚ್ಚಿದವು. 1981ರ ಆಶ್ರೇ ಮಾನದಂಡ ಧೂಮಪಾನವಿಲ್ಲದ ಆಫೀಸಿಗೆ ತಲಾ 5 ಘನ ಅಡಿ ಸಾಕು ಎಂದಿತು. ತಲೆನೋವು, ಗಂಟಲು ಕೆರೆತ, ಸುಸ್ತು, ಮನೆಗೆ ಹೋದರೆ ಎಲ್ಲ ಮಾಯ. ಇಂಥ ದೂರುಗಳು ಎಷ್ಟು ಜಾಸ್ತಿಯಾದವೆಂದರೆ ‘ಸಿಕ್ ಬಿಲ್ಡಿಂಗ್’ ಎಂಬ ಹೆಸರೇ ಹುಟ್ಟಿತು. 1989ರಲ್ಲಿ ಆಫೀಸಿಗೆ 20 ಮಾಡಿದರು. ಕರೆಂಟಿನ ಆಸೆಗೆ ಗಾಳಿ ಕಡಿಮೆ ಮಾಡಿ, ಆಮೇಲೆ ಕೈ ಸುಟ್ಟುಕೊಂಡು ತೆರೆದದ್ದು ಇದೇ ಮೊದಲಲ್ಲ ಎಂದು ಹೇಳುವುದಕ್ಕೆ ಇದನ್ನು ಬರೆದೆ.

ಕಾರ್ಬನ್ ಡೈಆಕ್ಸೈಡ್ ಬಗ್ಗೆಯೂ ಒಂದು ಮಾತು, ಯಾಕೆಂದರೆ ಇದರಲ್ಲಿ ಸುಮ್ನೆ ಹೆದರಿಸುವವರೂ ಇದ್ದಾರೆ. 1,850 ಎಂಬುದು ವಿಷವಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಮಿತಿ ಎಂಟು ಗಂಟೆಗೆ 5,000. ಈ ಅನಿಲ ನಮಗೆ ಮುಖ್ಯವಾಗುವುದು ಸಾಕ್ಷಿಯಾಗಿ. ಹೊರಗಿನ ಗಾಳಿಯಲ್ಲಿ ಅದು ಈಗ 420ಕ್ಕೂ ಸ್ವಲ್ಪ ಮೇಲಿದೆ, ನಾವು ಬಿಡುವ ಉಸಿರಿನಲ್ಲಿ ಸುಮಾರು 40,000. ರೂಮಿನಲ್ಲಿ ಅಂಕಿ ಏರಿದೆ ಎಂದರೆ ಬೇರೆಯವರ ಉಸಿರು ನಮ್ಮೊಳಗೆ ಜಾಸ್ತಿ ಹೋಗುತ್ತಿದೆ ಎಂದರ್ಥ. ಅದರ ಜೊತೆ ಕಾರ್ಪೆಟ್ಟು, ಅಂಟು, ಪ್ರಿಂಟರಿನ ವಾಸನೆಯೂ ಹೊರಹೋಗುತ್ತಿಲ್ಲ, ಯಾರಿಗಾದರೂ ನೆಗಡಿ ಇದ್ದರೆ ಅದೂ ಇಲ್ಲೇ ಸುತ್ತುತ್ತಿದೆ. ಜರ್ಮನಿಯ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಎಂಬ ವೈದ್ಯ 1858ರಲ್ಲೇ ಇದನ್ನು ಕಂಡುಕೊಂಡು, 1,000 ದಾಟಬಾರದು ಎಂದಿದ್ದ. ಆಗ ಎಸಿಯೂ ಇರಲಿಲ್ಲ, ಹಸಿರು ಕಟ್ಟಡದ ಅತಿ ಮೇಲಿನ ದರ್ಜೆಯಾದ ಪ್ಲಾಟಿನಂ ಫಲಕವೂ ಇರಲಿಲ್ಲ.

ಹಾರ್ವರ್ಡಿನ ಜೋಸೆಫ್ ಅಲೆನ್ ತಂಡ ಒಂದು ಪ್ರಯೋಗ ಮಾಡಿತ್ತು. 24 ಜನರನ್ನು ಆರು ದಿನ ಒಂದು ಆಫೀಸಿನಲ್ಲಿ ಕೂರಿಸಿ, ಅವರಿಗೆ ಹೇಳದೆ ಗಾಳಿ ಬದಲಿಸುತ್ತಾ ಹೋದರು. ಮಾಮೂಲಿ ಕಟ್ಟಡದಂಥ ಗಾಳಿಗೆ ಹೋಲಿಸಿದರೆ ಹಸಿರು ಕಟ್ಟಡದಂಥ ಗಾಳಿಯಲ್ಲಿ ಯೋಚಿಸುವ ಶಕ್ತಿಯ ಅಂಕ 61% ಜಾಸ್ತಿ, ಹೊರಗಾಳಿಯನ್ನೂ ಏರಿಸಿದಾಗ 101% ಜಾಸ್ತಿ ಬಂತು. ಇದು ಚಿಕ್ಕ ಪ್ರಯೋಗ. ಆಮೇಲಿನ ಎಲ್ಲ ಅಧ್ಯಯನಗಳೂ ಇಷ್ಟು ದೊಡ್ಡ ವ್ಯತ್ಯಾಸ ಕಂಡಿಲ್ಲ. ಆದರೆ ತಮಾಷೆ ನೋಡಿ: ಹಸಿರು ಕಟ್ಟಡ ಮಾರುವವರು ಈ 61 ಮತ್ತು 101ನ್ನು ತಮ್ಮ ಬ್ರೋಷರುಗಳಲ್ಲಿ ದಪ್ಪಕ್ಷರದಲ್ಲಿ ಹಾಕಿಕೊಳ್ಳುತ್ತಾರೆ. ಆ ಲಾಭ ಬಂದದ್ದು ಗಾಳಿಯಿಂದ ಸ್ವಾಮಿ, ಫಲಕದಿಂದ ಅಲ್ಲ.

ಕೋವಿಡ್ ಕಾಲದ ಒಂದು ಉದಾಹರಣೆ ನನ್ನ ತಲೆಯಿಂದ ಹೋಗುವುದಿಲ್ಲ. 2020ರ ಜನವರಿ, ಚೀನಾದ ಗುವಾಂಗ್‌ಝೌ ನಗರದ ಒಂದು ರೆಸ್ಟೋರೆಂಟ್. ಅಕ್ಕಪಕ್ಕದ ಮೂರು ಮೇಜುಗಳಲ್ಲಿ ಕೂತಿದ್ದ ಮೂರು ಕುಟುಂಬಗಳ 10 ಜನರಲ್ಲಿ ಸೋಂಕು ಕಾಣಿಸಿಕೊಂಡಿತು. ಆಮೇಲೆ ಸಂಶೋಧಕರು ಅಲ್ಲೇ ಗಾಳಿ ಅಳೆದರು. ಎಸಿ ಓಡುತ್ತಿತ್ತು, ತಣ್ಣಗಿತ್ತು. ಎಕ್ಸಾಸ್ಟ್ ಫ್ಯಾನ್ ಬಂದ್ ಆಗಿತ್ತು. ಒಬ್ಬರಿಗೆ ಸಿಗುತ್ತಿದ್ದ ಹೊರಗಾಳಿ ಸೆಕೆಂಡಿಗೆ ಸುಮಾರು 1 ಲೀಟರ್, ನಮ್ಮ ಲೆಕ್ಕದಲ್ಲಿ ನಿಮಿಷಕ್ಕೆ 2 ಘನ ಅಡಿ. ತಣ್ಣಗಿರುವುದಕ್ಕೂ ಗಾಳಿಯಾಡುವುದಕ್ಕೂ ಸಂಬಂಧವೇ ಇಲ್ಲ ಎಂದು ನನ್ನ ಹೊಸ ಹುಡುಗರಿಗೆ ಹೇಳಿಕೊಡುವಾಗ ಇದನ್ನೇ ಹೇಳುತ್ತೇನೆ.

ಹಿರಿಯರೇ, ಈಗ ನಿಮ್ಮ ನಿಯಮಗಳ ಮಾತು. ನಿಯಮ ಇಲ್ಲ ಎಂದು ನಾನು ಹೇಳುತ್ತಿಲ್ಲ. 2009ರ ಲೀಡ್‌ನಲ್ಲಿ ಹೊರಗಾಳಿಯ ಮೇಲೆ ನಿಗಾ ಇಡುವುದಕ್ಕೆ ಒಂದು ಅಂಕ ಇತ್ತು. ಹರಿವನ್ನು ನೇರವಾಗಿ ಅಳೆಯುವ ಸಾಧನ ಬೇಕು, 15% ಆಚೀಚೆಗಿಂತ ಜಾಸ್ತಿ ತಪ್ಪಬಾರದು, ಹರಿವು ವಿನ್ಯಾಸಕ್ಕಿಂತ 10% ಬದಲಾದರೆ ಅಲಾರಂ ಕೂಗಬೇಕು. ಒಳ್ಳೆಯ ನಿಯಮ. ಆದರೆ ಅದು ಬೇಕಾದರೆ ತೆಗೆದುಕೊಳ್ಳುವ ಅಂಕ. ಒಟ್ಟು 110ರಲ್ಲಿ ಒಂದು. 80 ಬಂದರೆ ಪ್ಲಾಟಿನಂ. ಹಾಗಾಗಿ ಹೊರಗಾಳಿ ಎಷ್ಟು ಬರುತ್ತಿದೆ ಎಂದು ಅಳೆಯುವ ಒಂದೇ ಒಂದು ಸಾಧನ ಇಲ್ಲದೆಯೂ ಒಂದು ಕಟ್ಟಡ ಪ್ಲಾಟಿನಂ ಆಗಬಹುದಿತ್ತು. 2013ರ ನಾಲ್ಕನೇ ಆವೃತ್ತಿಯಲ್ಲಿ ಇದನ್ನು ಕಡ್ಡಾಯ ಮಾಡಿದರು, ಸಂತೋಷ. ಆದರೆ 2016ರ ಅಕ್ಟೋಬರ್‌ವರೆಗೂ ಹಳೆಯ ನಿಯಮದಲ್ಲಿ ನೋಂದಾಯಿಸಲು ಅವಕಾಶ ಇತ್ತು. ಹೊಸ ಕಟ್ಟಡಕ್ಕೆ ಒಮ್ಮೆ ಕೊಟ್ಟ ಲೀಡ್ ಪ್ರಮಾಣಪತ್ರಕ್ಕೆ ಮುಕ್ತಾಯದ ದಿನಾಂಕವೂ ಇಲ್ಲ. ಆಗಿನ ಕಟ್ಟಡಗಳು, ಆಗಿನ ಫಲಕಗಳು ಇವತ್ತಿಗೂ ಹಾಗೇ ಇವೆ.

ಇನ್ನೊಂದು ಕೊಕ್ಕೆ. ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ಬೇಕಾಗಿದ್ದದ್ದು ‘ದಟ್ಟವಾಗಿ ಜನ ಕೂರುವ’ ಜಾಗದಲ್ಲಿ, ಅಂದರೆ 1,000 ಚದರ ಅಡಿಗೆ 25 ಜನ ಅಥವಾ ಜಾಸ್ತಿ ಇರುವಲ್ಲಿ. ಮೀಟಿಂಗ್ ರೂಮು, ಟ್ರೇನಿಂಗ್ ರೂಮು ಇದಕ್ಕೆ ಸಿಗುತ್ತವೆ. ದಿನಕ್ಕೆ ಒಂಬತ್ತು ಗಂಟೆ ಜನ ಕೂರುವ ಸಾಲು ಮೇಜುಗಳ ಹಾಲ್ ಸಿಗುವುದಿಲ್ಲ. ಅಲ್ಲಿ 15 ಜನ ಇದ್ದರೂ ಅದು ದಟ್ಟ ಅಲ್ಲ.

ಅಳೆಯುವ ಸಾಧನ ಹಾಕಿದ ಕಡೆಯೂ ಎಲ್ಲ ನೆಟ್ಟಗಿದೆ ಎಂದುಕೊಳ್ಳಬೇಡಿ. ಹೊರಗಾಳಿ ಬರುವ ಲೂವರಿನ ಹತ್ತಿರ ಗಾಳಿಯ ವೇಗ ಬಹಳ ಕಡಿಮೆ. ನಿಮಿಷಕ್ಕೆ 250 ಅಡಿ ವೇಗದಲ್ಲಿ ಗಾಳಿ ಹುಟ್ಟಿಸುವ ಒತ್ತಡ ಬರೀ 1 ಪ್ಯಾಸ್ಕಲ್. ಅಷ್ಟು ಸಣ್ಣ ಒತ್ತಡವನ್ನು ಒತ್ತಡ ನೋಡಿ ವೇಗ ಹೇಳುವ ಮಾಮೂಲಿ ಪಿಟೋ ಕೊಳವೆ ನಂಬಿಕೆಯಿಂದ ಹಿಡಿಯಲಾರದು. ಬಿಸಿ ತಂತಿಯ ಮಾದರಿಯ ಸೆನ್ಸರ್ ಬೇಕು, ಅದಕ್ಕೆ ಮುಂದೆ ಹಿಂದೆ ಸ್ವಲ್ಪ ನೇರ ಡಕ್ಟ್ ಬೇಕು. ನಮ್ಮ ಎಎಚ್‌ಯು ರೂಮುಗಳಲ್ಲಿ ಜಾಗ ಎಲ್ಲಿದೆ? ಬಾಡಿಗೆಗೆ ಕೊಡುವ ಜಾಗ ಉಳಿಸಲು ಎಎಚ್‌ಯು ರೂಮನ್ನು ಸ್ನಾನದ ಮನೆಯಷ್ಟು ಮಾಡಿರುತ್ತಾರೆ. ಫಿಲ್ಟರ್ ತೆಗೆಯಲು ನಾವು ಪಕ್ಕೆ ತಿರುಗಿ ನಿಲ್ಲಬೇಕು.

ಸಾಧನ ಇಲ್ಲದ ಕಡೆ ಬಿಎಂಎಸ್ ತೋರಿಸುವುದು ಡ್ಯಾಂಪರಿಗೆ ಕೊಟ್ಟ ಆಜ್ಞೆಯನ್ನು, ಡ್ಯಾಂಪರ್ ನಿಜವಾಗಿ ಎಲ್ಲಿದೆ ಎಂಬುದನ್ನಲ್ಲ. ‘30% ತೆರೆದಿದೆ’ ಎಂದು ಪರದೆ ಹೇಳುತ್ತದೆ. ಕಡ್ಡಿ ಜಾರಿದ್ದರೆ, ನನ್ನಂಥವನು ಸ್ಕ್ರೂ ಬಿಚ್ಚಿದ್ದರೆ, ಅದು ಪರದೆಗೆ ಗೊತ್ತಾಗುವುದಿಲ್ಲ. ಬೆಲ್ಟ್ ಹರಿದ ಫ್ಯಾನ್ ನೋಡಿದ್ದೇನೆ: ಮೋಟರ್ ತಿರುಗುತ್ತಿದೆ, ಅದರ ವೇಗ ಹಿಡಿತದಲ್ಲಿಡುವ ವಿಎಫ್‌ಡಿ 40 ಹರ್ಟ್ಸ್ ತೋರಿಸುತ್ತಿದೆ, ಗಾಳಿ ಸೊನ್ನೆ. ಲೂವರಿಗೆ ಥರ್ಮಾಕೋಲ್ ಶೀಟು ಅಂಟಿಸಿದ್ದನ್ನು ನೋಡಿದ್ದೇನೆ. ಪಾರಿವಾಳ ಸಂಸಾರ ಹೂಡಿದ್ದನ್ನೂ ನೋಡಿದ್ದೇನೆ, ಮೊಟ್ಟೆ ಇದ್ದವು ಎಂದು ಎರಡು ವಾರ ಕಾದೆವು. ಮೆಟ್ರೋ ಕೆಲಸ ನಡೆಯುವ ರಸ್ತೆಯ ಪಕ್ಕ ಟಿಎಫ್‌ಎ ಫಿಲ್ಟರುಗಳು ಎಷ್ಟು ಬೇಗ ಕಟ್ಟಿಕೊಳ್ಳುತ್ತವೆ ಎಂದು ಔಟರ್ ರಿಂಗ್ ರೋಡಿನ ಯಾವ ಮೆಕ್ಯಾನಿಕ್ಕನ್ನು ಬೇಕಾದರೂ ಕೇಳಿ. ಡ್ಯಾಂಪರ್ ಪೂರ್ತಿ ತೆರೆದಿರುತ್ತದೆ, ಗಾಳಿ ಅರ್ಧವೂ ಬರುವುದಿಲ್ಲ.

ಇದೆಲ್ಲ ಕೆಟ್ಟುಹೋಗುವ ದಾರಿಗಳು. ಇನ್ನು ಏನೂ ಕೆಡದಿದ್ದರೂ ಗಾಳಿ ಕಡಿಮೆಯಾಗುವ ದಾರಿ ಒಂದಿದೆ. ಈಗಿನ ಎಎಚ್‌ಯುಗಳಲ್ಲಿ ಸೆಕೆ ಕಡಿಮೆ ಇದ್ದಾಗ ಫ್ಯಾನ್ ತಾನೇ ನಿಧಾನ ಆಗುತ್ತದೆ. ಕರೆಂಟು ಉಳಿಸಲು. ಫ್ಯಾನ್ ನಿಧಾನ ಆದರೆ ಹೊರಗಿನಿಂದ ಎಳೆಯುವ ಬಲವೂ ಕಡಿಮೆ. ಡ್ಯಾಂಪರ್ ಅದೇ ಜಾಗದಲ್ಲಿ ನಿಂತಿದ್ದರೂ ಹೊರಗಾಳಿ ಇಳಿದುಹೋಗುತ್ತದೆ. ಜನರು ಮಾತ್ರ ಅಷ್ಟೇ ಇರುತ್ತಾರೆ. ತಂಪು ಡಿಸೆಂಬರಿನಲ್ಲಿ ಜನ ಜಾಸ್ತಿ ತೂಕಡಿಸುವುದಕ್ಕೆ ಕಾರಣ ಚಳಿ ಒಂದೇ ಅಲ್ಲ.

ಯಾಕೆ ಯಾರೂ ಇದನ್ನು ನೋಡುವುದಿಲ್ಲ? ಆ ಆಗಸ್ಟಿನಲ್ಲಿ ಡ್ಯಾಂಪರ್ ತೆರೆದ ಮೇಲೆ ಏನಾಯಿತು ಎಂದು ಕೇಳಿ. ಮರುದಿನ ಟ್ರೇನಿಂಗ್ ರೂಮಿನಲ್ಲಿ ಅಂಕಿ 1,000ದ ಹತ್ತಿರಕ್ಕೆ ಇಳಿಯಿತು. ಆ ಹುಡುಗಿ ಬಂದು ಥ್ಯಾಂಕ್ಸ್ ಹೇಳಿ ಹೋದಳು. ತಿಂಗಳ ಕೊನೆಯಲ್ಲಿ ಮ್ಯಾನೇಜರ್ ಕರೆದು ಕೇಳಿದ್ದು ಒಂದೇ ಪ್ರಶ್ನೆ: ‘ಯೂನಿಟ್ ಯಾಕೆ ಏರಿದೆ?’ ನನ್ನ ಇಪ್ಪತ್ತು ವರ್ಷದ ಕೆಲಸದಲ್ಲಿ ಯೂನಿಟ್ ಏರಿದ್ದಕ್ಕೆ ಬೈಸಿಕೊಂಡ ಲೆಕ್ಕವಿಲ್ಲ. ಗಾಳಿ ಕಡಿಮೆಯಾಗಿದ್ದಕ್ಕೆ ಒಮ್ಮೆಯೂ ಬೈಸಿಕೊಂಡಿಲ್ಲ. ಮ್ಯಾನೇಜರ್ ಕೆಟ್ಟವರಲ್ಲ. ಅವರನ್ನು ಅವರ ಮೇಲಿನವರು ಕೇಳುವುದೂ ಅದನ್ನೇ. ಕರೆಂಟು ಉಳಿಸಿದರೆ ಹಸಿರು ಅಂಕ ಜಾಸ್ತಿ. ಕರೆಂಟು ಉಳಿಸುವ ಅತಿ ಸುಲಭದ ದಾರಿ ಡ್ಯಾಂಪರ್ ಮುಚ್ಚುವುದು. ನಿಮ್ಮ ಅಂಕಪಟ್ಟಿಯೇ ನಮ್ಮ ಕೈಗೆ ಸ್ಕ್ರೂಡ್ರೈವರ್ ಕೊಡುತ್ತಿದೆ.

ಹಾಗೆಂದು ಆ ಉಳಿತಾಯವಾದರೂ ದೊಡ್ಡದಾ? ಲೆಕ್ಕ ಹಾಕೋಣ. ಅರವತ್ತು ಜನರಿಗೆ ತಲಾ 17ರಂತೆ ನಿಮಿಷಕ್ಕೆ ಸುಮಾರು 1,000 ಘನ ಅಡಿ ಗಾಳಿ. ಏಪ್ರಿಲಿನ ಮಧ್ಯಾಹ್ನ 34 ಡಿಗ್ರಿಯ ಒಣ ಗಾಳಿಯನ್ನು 24ಕ್ಕೆ ಇಳಿಸಲು ಎರಡು ಟನ್ನಿನೊಳಗೇ ಆಗುತ್ತದೆ. ಒಳ್ಳೆಯ ಚಿಲ್ಲರಿಗೆ, ಪಂಪು ಎಲ್ಲ ಸೇರಿಸಿ, ಅದು ಹೆಚ್ಚೆಂದರೆ 2 ಕಿಲೋವ್ಯಾಟ್. ಮನೆಯ ಒಂದು ಗೀಸರ್ ಎಳೆಯುವಷ್ಟು ಕರೆಂಟಿನಲ್ಲಿ ಅರವತ್ತು ಜನರ ಉಸಿರು ಚೊಕ್ಕ. ಅದೂ ವರ್ಷದ ಅತಿ ಕೆಟ್ಟ ಮಧ್ಯಾಹ್ನದಲ್ಲಿ. ಮಳೆಗಾಲದಲ್ಲಿ ಗಾಳಿಯ ತೇವ ತೆಗೆಯಲು ಇನ್ನಷ್ಟು ಖರ್ಚು ಬರುತ್ತದೆ, ಒಪ್ಪುತ್ತೇನೆ. ಸೀಲಿಂಗ್ ತೊಟ್ಟಿಕ್ಕುತ್ತದೆ, ಕಾರ್ಪೆಟ್ ವಾಸನೆ ಬರುತ್ತದೆ ಎಂದು ನಮ್ಮವರು ಡ್ಯಾಂಪರ್ ಮುಚ್ಚುವುದೂ ಆಗಲೇ. ಚೆನ್ನೈಯವರು, ದೆಹಲಿಯವರು ಈ ಖರ್ಚಿನ ಬಗ್ಗೆ ಗೊಣಗಿದರೆ ಅರ್ಥವಾಗುತ್ತದೆ. ಬೆಂಗಳೂರಿನವರು? ಜನವರಿಯ ರಾತ್ರಿ ಹೊರಗೆ 16 ಡಿಗ್ರಿ ಇರುತ್ತದೆ. ಒಳಗೆ ಕಂಪ್ಯೂಟರುಗಳ ಬಿಸಿ ಕಳೆಯಲು ಚಿಲ್ಲರ್ ಓಡುತ್ತಿರುತ್ತದೆ. ಡ್ಯಾಂಪರ್ ಪೂರ್ತಿ ತೆರೆದರೆ ಚಿಲ್ಲರನ್ನು ನಿಲ್ಲಿಸಿಯೇ ಬಿಡಬಹುದಾದ ರಾತ್ರಿಗಳಲ್ಲಿ, ಡ್ಯಾಂಪರ್ ಮುಚ್ಚಿ ಚಿಲ್ಲರ್ ಓಡಿಸುತ್ತೇವೆ. ನಾನು ಸ್ಕ್ರೂ ಬಿಗಿದದ್ದೂ ಅಂಥದೇ ಒಂದು ರಾತ್ರಿ.

ಹೊರಗಿನ ಗಾಳಿಯೇ ಕೊಳಕು, ಅದನ್ನು ಯಾಕೆ ಒಳಗೆ ತರಬೇಕು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾಗಿದೆ. ಬೇಸ್‌ಮೆಂಟ್ ರ‍್ಯಾಂಪಿನ ಪಕ್ಕ, ಡೀಸೆಲ್ ಜನರೇಟರಿನ ಹೊಗೆ ಕೊಳವೆಯ ಹತ್ತಿರ ಲೂವರ್ ಇಟ್ಟ ಕಟ್ಟಡಗಳನ್ನು ನಾನೇ ನೋಡಿದ್ದೇನೆ. ಕರೆಂಟು ಹೋದಾಗೆಲ್ಲ ಒಳಗೆ ಡೀಸೆಲ್ ಪರಿಮಳ. ಅದಕ್ಕೆ ಉತ್ತರ ಲೂವರಿನ ಜಾಗ ಸರಿ ಮಾಡುವುದು, ಸಣ್ಣ ಧೂಳನ್ನೂ ಹಿಡಿಯುವ ಮರ್ವ್ 13 ದರ್ಜೆಯ ಫಿಲ್ಟರ್ ಹಾಕುವುದು, ಅದನ್ನು ವೇಳೆಗೆ ಸರಿಯಾಗಿ ಬದಲಿಸುವುದು. ಫಿಲ್ಟರ್ ಧೂಳನ್ನು ಹಿಡಿಯುತ್ತದೆ. ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಯಾವ ಫಿಲ್ಟರೂ ಹಿಡಿಯುವುದಿಲ್ಲ. ಮೇಜಿನ ಮೇಲೆ ಏರ್ ಪ್ಯೂರಿಫೈಯರ್ ಇಟ್ಟು ಡ್ಯಾಂಪರ್ ಮುಚ್ಚಿದವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಕಟ್ಟಡ ಒಪ್ಪಿಸುವಾಗ ಗಾಳಿ ಅಳೆದಿದ್ದೇವಲ್ಲ, ರಿಪೋರ್ಟ್ ಇದೆಯಲ್ಲ ಎಂದು ನೀವು ಹೇಳಬಹುದು. ಆ ರಿಪೋರ್ಟುಗಳನ್ನು ಈಗ ಬರೆಯುವವನು ನಾನೇ. ಅವತ್ತು ಹೇಗಿರುತ್ತದೆ ಗೊತ್ತಾ? ಫಿಲ್ಟರ್ ಹೊಚ್ಚ ಹೊಸದು. ಫ್ಯಾನ್ ಪೂರ್ತಿ ವೇಗದಲ್ಲಿ. ಮಹಡಿಯಲ್ಲಿ ಕುರ್ಚಿಯೂ ಇಲ್ಲ, ಜನರೂ ಇಲ್ಲ. ಆರ್‌ಟಿಒ ಮೈದಾನದಲ್ಲಿ ಎಂಟು ಹಾಕಿ ತೋರಿಸಿದ ಹಾಗೆ. ಎಂಟು ಹಾಕಿದವರೆಲ್ಲ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹೇಗೆ ಓಡಿಸುತ್ತಾರೆ ಎಂದು ನೋಡಿದ್ದೀರಲ್ಲ. ಸ್ಕೂಟರಿಗೂ ಕಾಲಕಾಲಕ್ಕೆ ಎಮಿಷನ್ ಟೆಸ್ಟ್ ಇದೆ. ಅದೇ ಕಟ್ಟಡದ ಲಿಫ್ಟನ್ನು ಸರ್ಕಾರದವರು ಬಂದು ತಪಾಸಣೆ ಮಾಡುತ್ತಾರೆ. ಲಿಫ್ಟಿನಲ್ಲಿ ಜನ ಇರುವುದು ಒಂದು ನಿಮಿಷ.

ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರಮಾಣಪತ್ರ ಉಳಿಸಿಕೊಳ್ಳಬೇಕಾದರೆ ವರ್ಷದ ಎಲ್ಲ ದಿನಗಳ, ಗಂಟೆ ಗಂಟೆಯ ಹೊರಗಾಳಿಯ ಅಂಕಿ ಕೊಡಲಿ. ಒಪ್ಪಿಸಿದ ದಿನದ ರಿಪೋರ್ಟ್ ಮಾತ್ರ ನಡೆಯುವುದಿಲ್ಲ ಎಂದು ಹೇಳಿ. ಯೂನಿಟ್ ಲೆಕ್ಕವನ್ನು ಗಾಳಿಯ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಗಾಳಿ ಕಡಿಮೆ ಕೊಟ್ಟು ಉಳಿಸಿದ ಯೂನಿಟ್ಟಿಗೆ ಅಂಕ ಕೊಡಬೇಡಿ. ಹಗಲು ರಾತ್ರಿ ನಡೆಯುವ ಕಟ್ಟಡಗಳಲ್ಲಿ ಸೆನ್ಸರಿನ ಆ ತಾನೇ ಸರಿಪಡಿಸಿಕೊಳ್ಳುವ ಗುಣ ಬಂದ್ ಆಗಿದೆಯೇ, ವರ್ಷಕ್ಕೊಮ್ಮೆಯಾದರೂ ಅದನ್ನು ಟೆರೇಸಿಗೆ ಒಯ್ದು ಹೊರಗಾಳಿಯಲ್ಲಿ ಅಥವಾ ಅಳತೆಯ ಅನಿಲದಲ್ಲಿ ಪರೀಕ್ಷಿಸಿದ್ದಾರೆಯೇ ಎಂದು ಕೇಳಿ. 1,000 ಚದರ ಅಡಿಗೆ 25 ಜನ ಎಂಬ ಗೆರೆಯನ್ನು ಇಳಿಸಿ, ಸಾಲು ಮೇಜುಗಳ ಹಾಲನ್ನೂ ಒಳಗೆ ತನ್ನಿ.

ಇವೆಲ್ಲಕ್ಕಿಂತ ಮುಖ್ಯ, ಅಂಕಿಯನ್ನು ಬಿಎಂಎಸ್ ರೂಮಿನಿಂದ ಹೊರಗೆ ತನ್ನಿ. ಲಾಬಿಯ ಆ ಟಿವಿಯಲ್ಲಿ ಸೋಲಾರ್ ಯೂನಿಟ್ಟಿನ ಪಕ್ಕ ಪ್ರತಿ ಮಹಡಿಯ ಹೊರಗಾಳಿಯೂ ಓಡಲಿ. ಮೀಟಿಂಗ್ ರೂಮಿನ ಬಾಗಿಲ ಹತ್ತಿರ, ಬುಕಿಂಗ್ ತೋರಿಸುವ ಪರದೆ ಇದೆಯಲ್ಲ, ಅದರಲ್ಲೇ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಎಂದು ಬರಲಿ. ಏಳು ತಿಂಗಳು ನಮ್ಮ ಇಡೀ ತಂಡಕ್ಕೆ ಕಾಣದ್ದು ಒಬ್ಬ ಹುಡುಗಿಗೆ ಒಂದು ಮಧ್ಯಾಹ್ನದಲ್ಲಿ ಕಂಡಿತು, ಯಾಕೆಂದರೆ ಅಂಕಿ ಅವಳ ಕೈಯಲ್ಲಿತ್ತು.

ಇದು ಆಗದ ಕೆಲಸವಲ್ಲ. ಹೈದರಾಬಾದಿನಲ್ಲಿ ಸಿಐಐ ಸೊಹ್ರಾಬ್ಜಿ ಗೋದ್ರೆಜ್ ಗ್ರೀನ್ ಬಿಸಿನೆಸ್ ಸೆಂಟರ್ ಇದೆ. 2004ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಉದ್ಘಾಟಿಸಿದ್ದು, ನಮ್ಮ ದೇಶದ ಮೊದಲ ಲೀಡ್ ಪ್ಲಾಟಿನಂ ಕಟ್ಟಡ. ಅದರ ಹೊರಗಾಳಿ, ಗಾಳಿ ಹಿಡಿಯಲೆಂದೇ ಕಟ್ಟಿದ ಎರಡು ಗೋಪುರಗಳಲ್ಲಿ ಇಳಿದು, ತಂಪಾಗಿ, ಆಮೇಲೆ ಎಎಚ್‌ಯುಗೆ ಹೋಗುತ್ತದೆ. ನಮ್ಮಲ್ಲಿ ಈ ಹಸಿರು ಫಲಕದ ಕಥೆ ಶುರುವಾಗಿದ್ದೇ ಹೊರಗಾಳಿಯನ್ನು ಬೇಕು ಎಂದು ಕರೆದು ಒಳಗೆ ಬಿಟ್ಟುಕೊಂಡ ಕಟ್ಟಡದಿಂದ. ಆಮೇಲೆ ಅದು ಅಂಕಪಟ್ಟಿಯಾಯಿತು. ಕೆಲವು ರಾಜ್ಯಗಳಲ್ಲಿ ಹೆಚ್ಚುವರಿ ಎಫ್‌ಎಆರ್, ಅಂದರೆ ಅದೇ ಸೈಟಿನಲ್ಲಿ ಜಾಸ್ತಿ ಕಟ್ಟುವ ಅವಕಾಶ, ಸಿಗುವ ದಾರಿಯೂ ಆಯಿತು.

ಮಾಲೀಕರಿಗೆ ಒಂದು ಮಾತು. ನಿಮ್ಮ ಮೆಕ್ಯಾನಿಕ್ ಹುಡುಗರನ್ನು ಬೈಯಬೇಡಿ. ಈ ಪತ್ರ ಓದಿ ನಾಳೆಯೇ ಎಎಚ್‌ಯು ರೂಮಿಗೆ ಹೋದರೆ ನಿಮಗೆ ಬಿಗಿದ ಸ್ಕ್ರೂ ಸಿಗಬಹುದು. ಯಾರು ಬಿಗಿದದ್ದು ಎಂದು ಕೇಳುವ ಮೊದಲು ಕಳೆದ ತಿಂಗಳು ಅವರನ್ನು ಏನು ಕೇಳಿದಿರಿ ಎಂದು ನೆನಪಿಸಿಕೊಳ್ಳಿ.

ಹಿರಿಯರೇ, ನಿಮ್ಮಲ್ಲಿ ಯಾರಾದರೂ ಬರುವುದಾದರೆ ನಾನು ಜೊತೆಗೆ ಬರುತ್ತೇನೆ. ಬೆಂಗಳೂರಿನ ಯಾವ ಪ್ಲಾಟಿನಂ ಕಟ್ಟಡವಾದರೂ ಸರಿ, ನೀವೇ ಆರಿಸಿ. ಮಂಗಳವಾರವೋ ಬುಧವಾರವೋ ಇಟ್ಟುಕೊಳ್ಳಿ, ಆ ದಿನಗಳಲ್ಲಿ ಆಫೀಸು ತುಂಬಿರುತ್ತದೆ. ಮಧ್ಯಾಹ್ನ ಮೂರೂವರೆಗೆ. ಮೊದಲೇ ಫೋನ್ ಮಾಡಿ ತಿಳಿಸಬೇಡಿ. ಏಣಿ, ಟಾರ್ಚು, ಬಿಸಿ ತಂತಿಯ ಮೀಟರು ನಾನೇ ತರುತ್ತೇನೆ.

ಇಂತಿ ನಮಸ್ಕಾರಗಳು,
ಬೆಂಗಳೂರಿನ ಒಬ್ಬ ಎಸಿ ಮೆಕ್ಯಾನಿಕ್